ಯಂತ್ರದ ಸಂದೇಶ: ಬರೆಯುವವರ ಹೊಣೆ, ಓದುವವರ ಎಚ್ಚರ

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ಮಗನೋ ಮಗಳೋ ಅಳಿಯನೋ ಸೊಸೆಯೋ ಇಲ್ಲದ ಮನೆ ಇಂದು ಅಪರೂಪ. ಬೆಳಗಿನ ಲೋಕಲ್ ಗಾಡಿಯಲ್ಲಿ ಠಾಣೆಗೆ ಬಂದು, ಅಲ್ಲಿಂದ ಐರೋಲಿ, ಮಹಾಪೆ, ಬೇಲಾಪುರಗಳ ಕಡೆಗೆ ಸಾಗುವ ಯುವಕ ಯುವತಿಯರಲ್ಲಿ ನಮ್ಮವರ ಸಂಖ್ಯೆ ಕಡಿಮೆಯೇನಲ್ಲ. ಅವರಲ್ಲಿ ಅನೇಕರು 'ಮೇನ್‌ಫ್ರೇಮ್' ಎಂಬ ವಿಭಾಗದಲ್ಲಿ ದುಡಿಯುತ್ತಾರೆ. 'ಮಗ ಮೇನ್‌ಫ್ರೇಮ್‌ನಲ್ಲಿದ್ದಾನೆ' ಎಂದು ಹೆಮ್ಮೆಯಿಂದ ಹೇಳುವ ಹೆತ್ತವರಿಗೆ ಹಾಗೆಂದರೇನು, ಮಗ ಅಲ್ಲಿ ಇರುಳೆಲ್ಲ ಎಚ್ಚರವಿದ್ದು ಮಾಡುವುದೇನು ಎಂಬುದು ಬಹುಮಟ್ಟಿಗೆ ಅಪರಿಚಿತವಾಗಿಯೇ ಉಳಿದಿದೆ.

ಈ ಲೇಖಕ ಇಂಜಿನಿಯರನಲ್ಲ. ಕಲಾ ವಿಭಾಗದ ಪದವಿ ಪಡೆದು, ತೊಂಬತ್ತರ ದಶಕದ ಆರಂಭದಲ್ಲಿ ಗುಮಾಸ್ತನಾಗಿ ಬ್ಯಾಂಕು ಸೇರಿದವನು. ಆದರೂ ಕೆಲವು ವರ್ಷ ನವಿಮುಂಬಯಿಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ರಾತ್ರಿ ಪಾಳಿಯಲ್ಲಿ ಕುಳಿತು, ಯಂತ್ರ ಕಳುಹಿಸುವ ಸಂದೇಶಗಳನ್ನು ಓದಿ ಉತ್ತರಿಸುವ ಕೆಲಸ ಮಾಡಬೇಕಾಯಿತು. ಆ ಸಂದೇಶಗಳು ಹೇಗೆ ಹುಟ್ಟುತ್ತವೆ, ಯಾರಿಗೆ ತಲಪುತ್ತವೆ, ಅವುಗಳ ಭಾಷೆ ಹೇಗಿರಬೇಕು ಎಂಬುದನ್ನು ಸಾಮಾನ್ಯ ಓದುಗರಿಗೆ ವಿವರಿಸುವುದು ಈ ಬರಹದ ಉದ್ದೇಶ. ವಿಷಯ ತಾಂತ್ರಿಕವಾದರೂ ಅದರ ಕೊನೆಯ ತುದಿ ನಮ್ಮೆಲ್ಲರ ಕೈಯಲ್ಲಿರುವ ಮೊಬೈಲಿನಲ್ಲೇ ಇದೆ.

ಮೇನ್‌ಫ್ರೇಮ್ ಮತ್ತು ಸಬ್‌ರುಟೀನ್

ಮೇನ್‌ಫ್ರೇಮ್ ಎಂದರೆ ಏಕಕಾಲದಲ್ಲಿ ಸಾವಿರಾರು ಜನರ ಕೆಲಸವನ್ನು ಹೊತ್ತು, ದಿನದ ಇಪ್ಪತ್ತನಾಲ್ಕು ಗಂಟೆಯೂ ನಿಲ್ಲದೆ ನಡೆಯುವಂತೆ ರೂಪಿಸಲ್ಪಟ್ಟ ದೊಡ್ಡ ಗಣಕ. ಬ್ಯಾಂಕು, ವಿಮೆ, ವಿಮಾನಯಾನ ಮೊದಲಾದ ಸಂಸ್ಥೆಗಳ ಲೆಕ್ಕಪತ್ರಗಳು ಪ್ರಪಂಚದಾದ್ಯಂತ ಇಂತಹ ಯಂತ್ರಗಳ ಮೇಲೆ ನಡೆಯುತ್ತಾ ಬಂದಿವೆ. ಐಬಿಎಂ ಸಂಸ್ಥೆಯು 1964ರ ಏಪ್ರಿಲ್ 7ರಂದು ಪ್ರಕಟಿಸಿದ 'ಸಿಸ್ಟಂ 360' ಈ ವಂಶದ ಮೂಲಪುರುಷ. ಅದರ ಆಪರೇಟಿಂಗ್ ಸಿಸ್ಟಂ 1974ರಲ್ಲಿ 'ಎಂವಿಎಸ್' ಆಗಿ, 2001ರಲ್ಲಿ 'ಝಡ್ ಓಎಸ್' ಎಂಬ ಹೆಸರು ಪಡೆದು ಇಂದಿಗೂ ಬಾಳುತ್ತಿದೆ. ನಮ್ಮ ಮುಂಬಯಿಗೆ ದೊಡ್ಡ ಗಣಕದ ಪರಿಚಯ ಹೊಸದಲ್ಲ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ 'ಸಿಡಿಸಿ 3600' ಎಂಬ ಯಂತ್ರ ಬಂದದ್ದು ಅದೇ 1964ರಲ್ಲಿ. ಬ್ಯಾಂಕುಗಳಿಗೆ ಮಾತ್ರ ಇದು ತಡವಾಗಿ ಬಂತು. ರಿಸರ್ವ್ ಬ್ಯಾಂಕು ನೇಮಿಸಿದ ಡಾ. ಸಿ. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಬಳಿಕವೇ ಬ್ಯಾಂಕುಗಳ ಗಣಕೀಕರಣಕ್ಕೆ ದಾರಿ ತೆರೆಯಿತು. ನಮ್ಮ ಪೀಳಿಗೆಯ ಗುಮಾಸ್ತರು ಕೈಬರಹದ ಲೆಡ್ಜರಿನಿಂದ ನೇರವಾಗಿ ಗಣಕದ ಪರದೆಯ ಮುಂದೆ ಬಂದು ಕುಳಿತವರು.

ಇನ್ನು 'ಸಬ್‌ರುಟೀನ್' ಎಂಬ ಪದ. ಅಡುಗೆ ಪುಸ್ತಕದಲ್ಲಿ ಸಾರು, ಹುಳಿ, ಪಲ್ಯ, ಚಿತ್ರಾನ್ನ ಎಲ್ಲದರ ಕೊನೆಗೂ 'ಒಗ್ಗರಣೆ ಹಾಕಿ' ಎಂದಷ್ಟೇ ಬರೆದಿರುತ್ತದೆ. ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಕರಿಬೇವು ಹಾಕಿ ಎಂದು ಪ್ರತಿ ಸಲವೂ ಬರೆಯುವುದಿಲ್ಲ. ಒಮ್ಮೆ ಕಲಿತ ಆ ಕ್ರಮವನ್ನು ಬೇಕಾದಲ್ಲೆಲ್ಲ ಕರೆಯುತ್ತಾರೆ. ಪ್ರೋಗ್ರಾಂ ಬರೆಯುವವರೂ ಹಾಗೆಯೇ. ಪದೇ ಪದೇ ಬೇಕಾಗುವ ಕೆಲಸವನ್ನು ಒಂದೇ ಕಡೆ ಬರೆದಿಟ್ಟು, ಅಗತ್ಯವಿದ್ದಾಗ ಹೆಸರು ಹಿಡಿದು ಕರೆಯುತ್ತಾರೆ. ಅದೇ ಸಬ್‌ರುಟೀನ್. ಮನುಷ್ಯನಿಗೆ ಸಂದೇಶ ಕಳುಹಿಸುವುದು ಅಂಥ ಕೆಲಸಗಳಲ್ಲಿ ಅತಿ ಹಳೆಯದೂ ಅತಿ ಸಾಮಾನ್ಯವಾದುದೂ ಆಗಿದೆ. ಸಂಬಳ ಲೆಕ್ಕಹಾಕುವ ಪ್ರೋಗ್ರಾಂ ಇರಲಿ, ಬಡ್ಡಿ ಲೆಕ್ಕಹಾಕುವ ಪ್ರೋಗ್ರಾಂ ಇರಲಿ, ತನಗೇನಾಯಿತು ಎಂಬುದನ್ನು ಒಂದು ಹಂತದಲ್ಲಿ ಯಾರಿಗಾದರೂ ಹೇಳಲೇಬೇಕು.

ಮೊದಲ ಓಲೆಗಳು

ಒಂದೇ ಗಣಕವನ್ನು ಹಲವರು ಹಂಚಿಕೊಂಡು ಬಳಸುವ ಪದ್ಧತಿಯು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ 'ಸಿಟಿಎಸ್‌ಎಸ್' ಎಂಬ ವ್ಯವಸ್ಥೆಯ ಮೂಲಕ ಬೆಳೆಯಿತು. ಒಬ್ಬರು ಇನ್ನೊಬ್ಬರಿಗೆ ಓಲೆ ಬಿಟ್ಟುಹೋಗುವ 'ಮೇಲ್' ಎಂಬ ಆದೇಶವನ್ನು 1965ರಲ್ಲಿ ಅಲ್ಲಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ ಎಂಬ ಇಬ್ಬರು ಬರೆದರು. ಇಂದಿನ ಈ-ಮೇಲಿನ ಪೂರ್ವಜರಲ್ಲಿ ಅದೂ ಒಂದು.

ಅದೇ ಯಂತ್ರದಲ್ಲಿ 1966ರಲ್ಲಿ ನಡೆದ ಒಂದು ಪ್ರಸಂಗ ಕುತೂಹಲಕರವಾಗಿದೆ. ಗಣಕವನ್ನು ಪ್ರವೇಶಿಸುವ ಪ್ರತಿಯೊಬ್ಬರಿಗೂ ಅಂದಿನ ಸೂಚನೆಯನ್ನು ತೋರಿಸುವ ಪದ್ಧತಿ ಅಲ್ಲಿತ್ತು. ಇಬ್ಬರು ಮೇಲ್ವಿಚಾರಕರು ಏಕಕಾಲದಲ್ಲಿ, ಒಬ್ಬರು ಆ ದಿನದ ಸೂಚನೆಯನ್ನೂ ಮತ್ತೊಬ್ಬರು ಎಲ್ಲರ ಗುಪ್ತಪದಗಳ ಕಡತವನ್ನೂ ತಿದ್ದುತ್ತಿದ್ದರು. ತಿದ್ದುವ ಪ್ರೋಗ್ರಾಂ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಕಡತವನ್ನು ಬಳಸಿದ್ದರಿಂದ ಎರಡೂ ಅದಲು ಬದಲಾದವು. ಆಮೇಲೆ ಗಣಕ ಪ್ರವೇಶಿಸಿದವರಿಗೆಲ್ಲ ಸೂಚನೆಯ ಬದಲು ಸಮಸ್ತರ ಗುಪ್ತಪದಗಳೂ ಕಾಣಿಸತೊಡಗಿದವು! ಆ ವ್ಯವಸ್ಥೆಯ ನಿರ್ಮಾತೃ ಫರ್ನಾಂಡೊ ಕಾರ್ಬಾಟೊ ಅವರು 1990ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಇದನ್ನು ತಾವೇ ಹೇಳಿಕೊಂಡಿದ್ದಾರೆ. ಸಂದೇಶ ಯಾರಿಗೆ ಹೋಗಬೇಕೋ ಅವರಿಗೇ ಹೋಗಬೇಕು ಎಂಬ ಪಾಠ ಅಷ್ಟು ಹಳೆಯದು.

ಮುಂದೆ ಬಂದ 'ಮಲ್ಟಿಕ್ಸ್' ವ್ಯವಸ್ಥೆಯಲ್ಲಿ ಸಂದೇಶಕ್ಕೊಂದು ಶಿಸ್ತು ಬಂತು. ತಪ್ಪಾದಾಗ ಹೇಳಲು ಎಲ್ಲ ಆದೇಶಗಳೂ ಕರೆಯುವ ಒಂದೇ ಸಬ್‌ರುಟೀನ್ ಅಲ್ಲಿತ್ತು. ಅದು ಮಾತನಾಡುತ್ತಿರುವ ಆದೇಶದ ಹೆಸರನ್ನು ಮೊದಲು ಹೇಳಿ, ಬಳಿಕ ತಪ್ಪೇನೆಂದು ಒಂದು ನಿಗದಿತ ಪಟ್ಟಿಯಿಂದ ಆರಿಸಿ ಹೇಳುತ್ತಿತ್ತು. ಬಳಕೆದಾರರು ಪರಸ್ಪರ ಸಂದೇಶ ಕಳುಹಿಸಬಹುದಾಗಿತ್ತು. ಕೆಲಸದಲ್ಲಿ ಮಗ್ನರಾದವರು 'ಈಗ ಬೇಡ, ಆಮೇಲೆ ನೋಡುತ್ತೇನೆ' ಎಂದು ತಡೆದಿಡಲೂ ಅವಕಾಶವಿತ್ತು. ಮಲ್ಟಿಕ್ಸ್‌ನ ಕೊನೆಯ ಯಂತ್ರ 2000ದ ಅಕ್ಟೋಬರ್ 30ರಂದು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ನಿಂತುಹೋಯಿತು.

ಆಪರೇಟರಿಗೆ ಬರೆಯುವುದು

ಐಬಿಎಂ ಮೇನ್‌ಫ್ರೇಮ್‌ನಲ್ಲಿ ಈ ಕೆಲಸಕ್ಕಾಗಿ 'ಡಬ್ಲ್ಯುಟಿಓ' ಎಂಬ ಸೇವೆಯಿದೆ. 'ಆಪರೇಟರಿಗೆ ಬರೆ' ಎಂಬುದು ಆ ಮೂರಕ್ಷರಗಳ ಅರ್ಥ. ಪ್ರೋಗ್ರಾಂ ಇದನ್ನು ಕರೆದೊಡನೆ ಆಪರೇಟಿಂಗ್ ಸಿಸ್ಟಂ ಅದರ ಮಾತನ್ನು ಕನ್ಸೋಲ್ ಎಂಬ ಪರದೆಗೆ ಮುಟ್ಟಿಸುತ್ತದೆ, ದಿನಚರಿಯಲ್ಲಿಯೂ ದಾಖಲಿಸುತ್ತದೆ. ಒಂದು ಸಾಲಿನ ಸಂದೇಶಕ್ಕೆ ನೂರಿಪ್ಪತ್ತೈದು ಅಕ್ಷರಗಳ ಆಸುಪಾಸಿನ ಮಿತಿಯಿದೆ. ಹಿಂದಿನ ಕಾಲದ ತಂತಿಯಂತೆ ಹೇಳುವುದನ್ನು ಅಷ್ಟರಲ್ಲೇ ಹೇಳಿ ಮುಗಿಸಬೇಕು.

ಈ ಸಂದೇಶಗಳ ರಚನೆಯೇ ಒಂದು ಅಚ್ಚುಕಟ್ಟಾದ ಪದ್ಧತಿ. ಪ್ರತಿ ಸಂದೇಶದ ತಲೆಯ ಮೇಲೆ ಒಂದು ಗುರುತು ಇರುತ್ತದೆ. ಉದಾಹರಣೆಗೆ 'ಐಇಎಫ್404ಐ'. ಮೊದಲ ಮೂರು ಅಕ್ಷರಗಳು ಮಾತನಾಡುತ್ತಿರುವ ವಿಭಾಗ ಯಾವುದೆಂದು ಹೇಳುತ್ತವೆ. ನಡುವಿನ ಸಂಖ್ಯೆಯನ್ನು ಹಿಡಿದು ಕೈಪಿಡಿ ತೆರೆದರೆ ಅದರ ವಿವರಣೆಯೂ ಮಾಡಬೇಕಾದ ಕ್ರಮವೂ ಸಿಗುತ್ತವೆ. 403 ಎಂದರೆ ಕೆಲಸ ಆರಂಭವಾಯಿತು, 404 ಎಂದರೆ ಕೆಲಸ ಮುಗಿಯಿತು, 450 ಎಂದರೆ ಕೆಲಸ ಅರ್ಧಕ್ಕೇ ಮುರಿದುಬಿತ್ತು. ಕೊನೆಯ ಒಂದಕ್ಷರವಂತೂ ಬಹು ಮುಖ್ಯ. 'ಐ' ಎಂದರೆ ಬರಿಯ ಮಾಹಿತಿ, ಓದಿದರೆ ಸಾಕು. 'ಏ' ಎಂದರೆ ಈಗಲೇ ಏನಾದರೂ ಮಾಡಬೇಕು. 'ಡಿ' ಎಂದರೆ ಒಂದು ನಿರ್ಧಾರ ಕೊಡಬೇಕು. 'ಇ' ಎಂದರೆ ಬಿಡುವಾದಾಗ ಮಾಡಬೇಕು. 'ಡಬ್ಲ್ಯು' ಎಂದರೆ ಕ್ರಮ ಕೈಗೊಳ್ಳುವವರೆಗೂ ಯಂತ್ರ ಕಾದು ನಿಂತಿದೆ.

ಸಂದೇಶ ಯಾವ ಪರದೆಗೆ ಹೋಗಬೇಕೆಂದು ಸೂಚಿಸಲು ಮಾರ್ಗಸಂಖ್ಯೆಗಳಿವೆ. ಒಂದನೆಯದು ಮುಖ್ಯ ಆಪರೇಟರಿಗೆ, ಮೂರನೆಯದು ಟೇಪು ನೋಡಿಕೊಳ್ಳುವವರಿಗೆ, ಒಂಬತ್ತನೆಯದು ಭದ್ರತೆಯವರಿಗೆ, ಹನ್ನೊಂದನೆಯದು ಪ್ರೋಗ್ರಾಂ ಬರೆದವರಿಗೆ. ಅವಸರದ ಸಂದೇಶ ಪರದೆಯಿಂದ ಸರಿದುಹೋಗದೆ ನಿಲ್ಲುವಂತೆ ಮಾಡುವ ಸಂಕೇತವೂ ಇದೆ. ಕೆಲಸ ಮುಗಿದ ಮೇಲೆ ಅದನ್ನು ಅಳಿಸಲು ಪ್ರತ್ಯೇಕ ಸೇವೆಯೊಂದಿದೆ. ಮದುವೆ ಮುಗಿದ ಬಳಿಕವೂ ಚಪ್ಪರ ಬಿಚ್ಚದಿದ್ದರೆ ಹೇಗೋ, ತೀರಿಹೋದ ಸಂದೇಶವನ್ನು ಅಳಿಸದೆ ಬಿಟ್ಟ ಪ್ರೋಗ್ರಾಂ ಹಾಗೆ. ಮುಂದಿನ ಪಾಳಿಯವರು ಅದನ್ನು ನೋಡಿ ಗಾಬರಿಯಾಗುತ್ತಾರೆ.

ಬಳಕೆದಾರರಿಗೆ ನೇರವಾಗಿ ಹೇಳುವ ದಾರಿ ಬೇರೆ. 'ಟಿಎಸ್‌ಓ' ಎಂಬ ಭಾಗದಲ್ಲಿ 'ಸೆಂಡ್' ಎಂಬ ಆದೇಶದಿಂದ ಒಬ್ಬರಿಗೋ ಎಲ್ಲರಿಗೋ ನೂರ ಹದಿನೈದು ಅಕ್ಷರಗಳ ಸೂಚನೆ ಕಳುಹಿಸಬಹುದು. ಆ ವ್ಯಕ್ತಿ ಅಷ್ಟು ಹೊತ್ತಿಗೆ ಗಣಕದಲ್ಲಿ ಇಲ್ಲದಿದ್ದರೆ ಅದನ್ನು ಒಂದು ಕಡತದಲ್ಲಿ ಕಾಪಿಟ್ಟು, ಬಂದಾಗ ತೋರಿಸುವಂತೆಯೂ ಹೇಳಬಹುದು. ಇದೇ ಕೆಲಸವನ್ನು ಪ್ರೋಗ್ರಾಂ ಒಳಗಿನಿಂದ ಮಾಡಲು 'ಟಿಪುಟ್' ಎಂಬ ಸೇವೆಯಿದೆ. ಇತರ ಬಳಕೆದಾರರ ಸಂದೇಶಗಳು ತನಗೆ ಬೇಡವೆಂದು ತಡೆಯುವ ಹಕ್ಕು ಇಲ್ಲಿಯೂ ಬಳಕೆದಾರನಿಗಿದೆ.

ಉತ್ತರ ಬೇಡುವ ಸಂದೇಶ

ಡಬ್ಲ್ಯುಟಿಓ ಸೇವೆಗೆ ಒಂದು ಅವಳಿ ಉಂಟು. ಅದರ ಹೆಸರು 'ಡಬ್ಲ್ಯುಟಿಓಆರ್'. ಕೊನೆಯ 'ಆರ್' ಎಂದರೆ ಉತ್ತರ. ಪ್ರೋಗ್ರಾಂ ಇದನ್ನು ಕರೆದರೆ ಕನ್ಸೋಲಿನಲ್ಲಿ ಪ್ರಶ್ನೆಯ ಜೊತೆಗೆ ಒಂದು ಸಂಖ್ಯೆ ಕಾಣಿಸುತ್ತದೆ. ಆಪರೇಟರ್ ಆ ಸಂಖ್ಯೆಯನ್ನೂ ತನ್ನ ಉತ್ತರವನ್ನೂ ಬೆರಳಚ್ಚಿಸುವವರೆಗೆ ಪ್ರೋಗ್ರಾಂ ಸಾಮಾನ್ಯವಾಗಿ ಕಾಯುತ್ತಲೇ ಇರುತ್ತದೆ. ಯಂತ್ರ ಮನುಷ್ಯನ ವಿವೇಕವನ್ನು ಕೇಳುವ ಗಳಿಗೆ ಇದು. ಈ ಗಳಿಗೆಯಲ್ಲಿ ನಾನೊಮ್ಮೆ ತಪ್ಪಿದೆ.

2003ರ ಮಳೆಗಾಲ, ತಿಂಗಳ ಕೊನೆಯ ರಾತ್ರಿ. ಠಾಣೆಯಿಂದ ವಾಶಿಯ ಕಡೆಗೆ ಲೋಕಲ್ ಗಾಡಿ ಇನ್ನೂ ಬಂದಿರಲಿಲ್ಲ, ಅದು ಬಂದದ್ದು 2004ರ ಕೊನೆಗೆ. ಡೊಂಬಿವಲಿಯಿಂದ ಠಾಣೆಗೆ ಬಂದು, ಬಸ್ಸು ಹಿಡಿದು, ನೆನೆದ ಬಟ್ಟೆಯಲ್ಲೇ ಪಾಳಿಗೆ ಕುಳಿತಿದ್ದೆ. ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ಪರದೆಯ ಮೇಲೆ ಎರಡು ಪ್ರಶ್ನೆಗಳು ಒಂದರ ಕೆಳಗೊಂದು ನಿಂತವು. ಸಂಖ್ಯೆ 37 ಮತ್ತು 38. ಎರಡರ ಮಾತೂ ಒಂದೇ: 'ಮುಂದುವರಿಸಲೇ? ಹೌದು ಅಥವಾ ಅಲ್ಲ'. ಒಂದು ಪ್ರಶ್ನೆ, ಟೇಪಿಗೆ ನಕಲು ತೆಗೆಯುವ ಕೆಲಸ ಕೇಳಿದ್ದು. ಅದಕ್ಕೆ 'ಹೌದು' ಎನ್ನುವುದು ದಿನನಿತ್ಯದ ರೂಢಿ. ಇನ್ನೊಂದು ಪ್ರಶ್ನೆ, ಪಿಂಚಣಿ ಜಮೆ ಮಾಡುವ ಹೊಸ ಪ್ರೋಗ್ರಾಂ ಕೇಳಿದ್ದು. ಪರಿಶೀಲನೆಯಲ್ಲಿ ಹೊಂದದ ದಾಖಲೆಗಳ ಒಂದು ಕಂತನ್ನು ಬದಿಗಿಟ್ಟು ಉಳಿದುದನ್ನು ಮುಗಿಸಲೇ ಎಂಬುದು ಅದರ ಅರ್ಥ. ಆದರೆ ಅರ್ಥ ಅದರ ಮಾತಿನಲ್ಲಿ ಇರಲಿಲ್ಲ. ಗುರುತಿನ ಅಕ್ಷರಗಳೂ ಇರಲಿಲ್ಲ, ಕೆಲಸದ ಹೆಸರೂ ಇರಲಿಲ್ಲ. ನಾನು ಎರಡಕ್ಕೂ 'ಹೌದು' ಎಂದೆ.

ಬೆಳಗಾದ ಮೇಲೆ ತಿಳಿಯಿತು, ಕೆಲವು ಶಾಖೆಗಳ ಪಿಂಚಣಿ ಜಮೆಯಾಗಿರಲಿಲ್ಲ. ಪಾಳಿ ಮುಗಿಸಿ ಮನೆಗೆ ಬಂದರೆ ನಮ್ಮ ಕಟ್ಟಡದ ಮೆಟ್ಟಿಲ ಬಳಿ ನಿವೃತ್ತ ಮಾಸ್ತರರೊಬ್ಬರು ಕೊಡೆ ಮಡಿಸುತ್ತ ನಿಂತಿದ್ದರು. "ಬ್ಯಾಂಕಿಗೆ ಹೋಗಿದ್ದೆನಪ್ಪ, ಇನ್ನೂ ಬಂದಿಲ್ಲ ಅಂದರು. ಮಳೆ ನಿಂತ ಮೇಲೆ ಮತ್ತೆ ಹೋಗಿ ನೋಡುತ್ತೇನೆ" ಎಂದರು. ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿಗೆ ಅಂದು ಔಷಧಿ ತರುವುದಿತ್ತೆಂದು ಬಳಿಕ ಗೊತ್ತಾಯಿತು. ಹಣ ಮರುದಿನ ಮಧ್ಯಾಹ್ನ ಜಮೆಯಾಯಿತು. ನನಗೊಂದು ಮೆಮೋ ಬಂತು, ಬರಬೇಕಾದದ್ದೇ. ಆ ತಪ್ಪು ನನ್ನದೆಂದು ಮಾಸ್ತರರಿಗೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಅವರೀಗ ಇಲ್ಲ.

ವಿಚಾರಣೆ ನಡೆಸಿದ ಹಿರಿಯ ಅಧಿಕಾರಿ ನನ್ನನ್ನು ಗದರಿಸಿದ ಬಳಿಕ ಪ್ರೋಗ್ರಾಂ ಬರೆದ ತರುಣನನ್ನೂ ಕರೆಸಿ, ಇಬ್ಬರನ್ನೂ ಎದುರುಬದುರು ಕೂರಿಸಿದರು. "ನೀನು ಏನು ಕೇಳಬೇಕೆಂದಿದ್ದೆ?" ಎಂದು ಅವನನ್ನು ಕೇಳಿದರು. ಅವನು ಬಾಯಲ್ಲಿ ಹೇಳಿದ್ದನ್ನೇ ಬರೆಯಿಸಿದರು. ಹೊಸ ಸಂದೇಶದ ಸಾರಾಂಶ ಹೀಗಿತ್ತು: 'ಪಿಂಚಣಿ ಜಮೆ: ಇಂತಿಷ್ಟು ದಾಖಲೆಗಳು ತಿರಸ್ಕೃತ. ಅವನ್ನು ಬಿಟ್ಟು ಮುಂದುವರಿಸಲು ಬಿಡು, ನಿಲ್ಲಿಸಲು ನಿಲ್ಲು ಎಂದು ಉತ್ತರಿಸಿ.' ತಲೆಯ ಮೇಲೆ ಗುರುತೂ ಸಂಖ್ಯೆಯೂ ಬಂದವು. ಬರಿಯ 'ಹೌದು' ಎಂಬ ಉತ್ತರವನ್ನು ಆ ಪ್ರೋಗ್ರಾಂ ಅಂದಿನಿಂದ ಸ್ವೀಕರಿಸಲಿಲ್ಲ. ಅವಸರದಲ್ಲಿ ಕೈ ರೂಢಿಯಂತೆ ಓಡದಿರಲಿ ಎಂಬುದೇ ಅದರ ಹಿಂದಿನ ವಿವೇಕ. ತಾನು ಬರೆಯುವ ಸಾಲನ್ನು ಬೆಳಗಿನ ಜಾವ ಮೂರು ಗಂಟೆಗೆ ನಿದ್ದೆಗಣ್ಣಿನ ಅಪರಿಚಿತನೊಬ್ಬ ಓದುತ್ತಾನೆ ಎಂಬುದನ್ನು ಬರೆಯುವವನು ನೆನೆಯಬೇಕು. ಅರ್ಥವಾಗದ ಪ್ರಶ್ನೆಗೆ ಉತ್ತರಿಸಬಾರದು ಎಂಬುದನ್ನು ಓದುವವನೂ ಮರೆಯಬಾರದು. ಅಂದು ನಾವಿಬ್ಬರೂ ಕಲಿತದ್ದು ಇಷ್ಟೇ.

ಕನ್ನಡದಲ್ಲಿ ಹೇಳಬಹುದೇ?

ಸಂದೇಶದ ಮಾತನ್ನು ಪ್ರೋಗ್ರಾಂ ಒಳಗೇ ಬರೆಯದೆ ಪ್ರತ್ಯೇಕ ಕಡತದಲ್ಲಿಟ್ಟರೆ ಅದನ್ನು ಬೇರೆ ಭಾಷೆಗೆ ತರಬಹುದು. ಝಡ್ ಓಎಸ್‌ನಲ್ಲಿ ಇದಕ್ಕೆಂದೇ ಒಂದು ಸಂದೇಶ ಸೇವೆಯಿದೆ. ಅದರಲ್ಲಿ ಪ್ರತಿ ಸಂದೇಶದ ಅಸ್ಥಿಪಂಜರವನ್ನು ಭಾಷೆಗೊಂದರಂತೆ ಇಟ್ಟು, ಹೆಸರು, ಸಂಖ್ಯೆ, ದಿನಾಂಕಗಳಿಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಜಪಾನಿನ ಆಪರೇಟರುಗಳು ತಮ್ಮ ಭಾಷೆಯಲ್ಲೇ ಸಂದೇಶ ಓದುವುದು ಇದರಿಂದ ಸಾಧ್ಯವಾಯಿತು.

ನಮ್ಮ ಭಾಷೆಗಳಿಗೆ ಎರಡು ಅಡಚಣೆಗಳಿದ್ದವು. ಮೊದಲನೆಯದು ಲಿಪಿ. ಮೇನ್‌ಫ್ರೇಮ್‌ನ ಮೂಲ ಅಕ್ಷರಸಂಹಿತೆಯಾದ 'ಎಬ್ಸಿಡಿಕ್' ಇನ್ನೂರ ಐವತ್ತಾರು ಸ್ಥಾನಗಳ ಪಟ್ಟಿ. ಅದರಲ್ಲಿ ದೇವನಾಗರಿಗಾಗಿ 1137 ಎಂಬ ಸಂಖ್ಯೆಯ ಪಟ್ಟಿಯೊಂದನ್ನು ಐಬಿಎಂ ರೂಪಿಸಿತು. ಕನ್ನಡಕ್ಕೆ ಭದ್ರ ನೆಲೆ ಸಿಕ್ಕಿದ್ದು 1991ರ ಯೂನಿಕೋಡ್ ಮೂಲಕ.

ಎರಡನೆಯ ಅಡಚಣೆ ವ್ಯಾಕರಣದ್ದು, ಕಲಾ ಪದವೀಧರನಾದ ನನಗೆ ಹೆಚ್ಚು ಪ್ರಿಯವಾದದ್ದು. ಇಂಗ್ಲಿಷಿನಲ್ಲಿ ಖಾಲಿ ಜಾಗದ ಹಿಂದೆ ಒಂದು ಪದ ಇಟ್ಟರೆ ಮುಗಿಯಿತು. ಕನ್ನಡದ ವಿಭಕ್ತಿ ಹೆಸರಿಗೇ ಅಂಟಿಕೊಂಡು ಅದರ ರೂಪವನ್ನು ಬದಲಿಸುತ್ತದೆ. ರಾಮನಿಗೆ, ಸೀತೆಗೆ, ಗುರುವಿಗೆ, ಭಟ್ಟರಿಗೆ. ಖಾಲಿ ಜಾಗದ ಮುಂದೆ 'ಗೆ' ಎಂದು ಅಚ್ಚು ಹಾಕಿಟ್ಟರೆ 'ರಾಮಗೆ', 'ಭಟ್‌ಗೆ' ಎಂಬ ವಿಕಾರಗಳು ಹುಟ್ಟುತ್ತವೆ. ಊರುಗಳೂ ಹಾಗೆಯೇ. ಠಾಣೆಯಿಂದ, ಕಲ್ಯಾಣದಿಂದ, ಮುಲುಂಡಿನಿಂದ ಎಂದು ಒಂದೊಂದಕ್ಕೂ ಒಂದೊಂದು ರೂಪ. ಇದಕ್ಕೆ ಪರಿಹಾರ ನಮ್ಮ ಮರ್ಯಾದೆಯ ಮಾತಿನಲ್ಲೇ ಇದೆ! ಹೆಸರಿನ ಮುಂದೆ 'ಅವರಿಗೆ' ಎಂದರೆ ಯಾವ ಹೆಸರಾದರೂ ಸರಿಹೋಗುತ್ತದೆ: ರಾಮ ಅವರಿಗೆ, ಸೀತಾ ಅವರಿಗೆ, ಭಟ್ ಅವರಿಗೆ. ಊರಿನ ಮುಂದೆ 'ಶಾಖೆಯಿಂದ' ಎಂದರೆ ಕಲ್ಯಾಣ್ ಶಾಖೆಯಿಂದ, ಮುಲುಂಡ್ ಶಾಖೆಯಿಂದ. ಹಿರಿಯರು ಗೌರವಕ್ಕಾಗಿ ರೂಢಿಸಿದ ಪದ ಯಂತ್ರದ ತೊಡಕನ್ನೂ ಬಿಡಿಸುತ್ತದೆ. ಕನ್ನಡ ಬಲ್ಲ ಪ್ರೋಗ್ರಾಂ ಬರಹಗಾರರಿಗಷ್ಟೇ ಹೊಳೆಯುವ ಉಪಾಯವಿದು.

ಕಿಸೆಯೊಳಗಿನ ಕನ್ಸೋಲ್

ಅಂದು ಆಪರೇಟರ್ ಒಬ್ಬನ ಪರದೆಗೆ ಬರುತ್ತಿದ್ದ ಸಂದೇಶಗಳು ಇಂದು ಪ್ರತಿ ಗ್ರಾಹಕರ ಕಿಸೆಗೂ ಬರುತ್ತಿವೆ. ಎನ್‌ಇಎಫ್‌ಟಿ ಮೂಲಕ ಕಳುಹಿಸಿದ ಹಣ ಎದುರಿನವರ ಖಾತೆಗೆ ಜಮೆಯಾಯಿತೆಂಬ ದೃಢೀಕರಣವನ್ನು ಕಳುಹಿಸಿದವರಿಗೆ ತಿಳಿಸುವ ಪದ್ಧತಿ 2010ರಲ್ಲಿ ಬಂತು. ಕಾರ್ಡಿನಿಂದ ನಡೆಯುವ ಪ್ರತಿ ವ್ಯವಹಾರಕ್ಕೂ, ಮೊತ್ತ ಎಷ್ಟೇ ಇರಲಿ, ಸೂಚನೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕು 2011ರಲ್ಲಿ ವಿಧಿಸಿತು. ತಾವು ಮಾಡದ ವ್ಯವಹಾರದ ಸೂಚನೆ ಬಂದರೆ ಅದಕ್ಕೇ ಮರು ಉತ್ತರ ಕೊಟ್ಟು ಆಕ್ಷೇಪಿಸುವ ಸೌಲಭ್ಯವನ್ನು ಗ್ರಾಹಕರಿಗೆ ಒದಗಿಸಬೇಕೆಂದು 2017ರ ಜುಲೈ 6ರ ಸುತ್ತೋಲೆ ಹೇಳಿತು. ಡಬ್ಲ್ಯುಟಿಓಆರ್ ಎಂಬ ಹಳೆಯ ಸೇವೆಯೇ ಗ್ರಾಹಕರ ಕೈಗೆ ಬಂದಂತಾಯಿತು.

ಈ ಸಂದೇಶಗಳು ನಮ್ಮ ಹಿರಿಯರಿಗೆ ಬರುವುದು ಬಹುಪಾಲು ಇಂಗ್ಲಿಷಿನಲ್ಲಿ. ಮಹಾರಾಷ್ಟ್ರದ ಶಾಖೆಗಳಲ್ಲಿ ಪ್ರಾದೇಶಿಕ ಭಾಷೆ ಮರಾಠಿ, ಅದು ಸಹಜವೂ ನ್ಯಾಯವೂ ಹೌದು. ಕನ್ನಡದ ಸಂದೇಶಕ್ಕೆ ಇನ್ನೊಂದು ಬೆಲೆಯೂ ಉಂಟು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ ಕನ್ನಡದ್ದು 70 ಸಂಕೇತ ಮಾತ್ರ. ಕಾಗುಣಿತ, ಒತ್ತಕ್ಷರಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಬರಹದಲ್ಲಿ ಒಂದೇ ಅಕ್ಷರವಾಗಿ ಕಾಣುವ 'ಸ್ತ್ರೀ' ಯಂತ್ರಕ್ಕೆ ಆರು ಸಂಕೇತ. ಹಾಗಾಗಿ ಕನ್ನಡದಲ್ಲಿ ಅದೇ ವಿಷಯಕ್ಕೆ ಎರಡು ಮೂರು ಎಸ್ಸೆಮ್ಮೆಸ್ಸುಗಳ ಖರ್ಚು ಬೀಳುತ್ತದೆ.

ಕರಾವಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನಮ್ಮವರಿಗೆ ಮನೆಯ ಮಾತಾಗಿದ್ದ ಬ್ಯಾಂಕುಗಳು ವಿಲೀನಗೊಂಡಾಗ ಈ ಸಂಗತಿಯ ತೂಕ ಅರಿವಾಯಿತು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಶಾಖೆಯ ಸಂಕೇತ ಬದಲಾಯಿತು, ಚೆಕ್‌ಬುಕ್ ಬದಲಿಸಿಕೊಳ್ಳಿ ಎಂಬ ನಿಜವಾದ ಸಂದೇಶಗಳು ಬರುತ್ತಿದ್ದ ಕಾಲದಲ್ಲೇ 'ನಿಮ್ಮ ಖಾತೆ ಇಂದು ಸಂಜೆಗೆ ಬಂದ್ ಆಗಲಿದೆ, ಈ ಕೊಂಡಿ ಒತ್ತಿರಿ' ಎಂಬ ಮೋಸದ ಸಂದೇಶಗಳೂ ಹರಿದಾಡಿದರೆ, ಎರಡನ್ನೂ ಇಂಗ್ಲಿಷಿನಲ್ಲಿ ಓದುವ ಎಪ್ಪತ್ತೈದರ ಅಜ್ಜಿ ಯಾವುದನ್ನು ನಂಬಬೇಕು?

ಆಪರೇಟರಿನಂತೆ ಓದುವುದು

ಕನ್ಸೋಲಿನ ಮುಂದೆ ಕಲಿತ ಶಿಸ್ತನ್ನೇ ಮನೆಯ ಹಿರಿಯರಿಗೆ ಹೇಳಿಕೊಡಬಹುದು ಎಂಬುದು ನನ್ನ ಅನುಭವ. ಅದರ ಕ್ರಮ ಹೀಗಿದೆ:

1. ಯಾರ ಸಂದೇಶ? ನೋಂದಾಯಿತ ಸಂಸ್ಥೆಯ ವಾಣಿಜ್ಯ ಸಂದೇಶ ಅಕ್ಷರಗಳ ಹೆಸರಿನಿಂದ ಬರುತ್ತದೆ, ಸಾಮಾನ್ಯ ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2025ರಲ್ಲಿ ತಂದ ತಿದ್ದುಪಡಿಯಂತೆ ಆ ಹೆಸರಿನ ಕೊನೆಗೆ ಒಂದಕ್ಷರ ಸೇರುತ್ತದೆ: ಪ್ರಚಾರಕ್ಕೆ 'ಪಿ', ಸೇವೆಗೆ 'ಎಸ್', ವ್ಯವಹಾರಕ್ಕೆ 'ಟಿ', ಸರ್ಕಾರಕ್ಕೆ 'ಜಿ'. ಅರುವತ್ತರ ದಶಕದ ಗಣಕದ ಒಂದಕ್ಷರದ ಗುರುತು ಮತ್ತೆ ಮರಳಿ ಬಂದಂತಿದೆ.

2. ಮಾಹಿತಿಯೋ, ಬೇಡಿಕೆಯೋ? ಹಣ ಬಂತು, ಹೋಯಿತು ಎಂಬುದು 'ಐ' ವರ್ಗದ ಮಾಹಿತಿ. ಓದಿ, ಲೆಕ್ಕ ಹೊಂದಿದರೆ ಸುಮ್ಮನಿರಬಹುದು.

3. ಉತ್ತರ ಕೇಳುತ್ತಿದೆಯೇ? ಕೊಂಡಿ ಒತ್ತಿ, ಸಂಖ್ಯೆ ತಿಳಿಸಿ, ಕೂಡಲೇ ಕರೆ ಮಾಡಿ ಎಂದು ಅವಸರಪಡಿಸಿದರೆ ಕೈ ತಡೆಯಬೇಕು. ಒಂದು ಬಾರಿಯ ಗುಪ್ತಸಂಖ್ಯೆಯನ್ನು ಯಾವ ಬ್ಯಾಂಕಿನವರೂ ಕೇಳುವುದಿಲ್ಲ. ಕಾದು ನಿಂತ ಪ್ರೋಗ್ರಾಂ ಹತ್ತು ನಿಮಿಷ ಹೆಚ್ಚು ಕಾದರೆ ಏನೂ ಕೆಡುವುದಿಲ್ಲ, ತಪ್ಪು ಉತ್ತರದಿಂದ ಕೆಡುತ್ತದೆ.

4. ಅರ್ಥವಾಗದಿದ್ದರೆ? ಪಾಸ್‌ಬುಕ್ಕಿನಲ್ಲಿರುವ ಶಾಖೆಯ ಸಂಖ್ಯೆಗೆ ಕರೆ ಮಾಡಿ ಅಥವಾ ಸ್ವತಃ ಹೋಗಿ ಕೇಳಬೇಕು. ಮಗನನ್ನೋ ಸೊಸೆಯನ್ನೋ ಕೇಳಲು ಸಂಕೋಚ ಬೇಡ.

5. ಮೋಸವಾಗಿದ್ದರೆ? ಮರೆಮಾಚದೆ ತಕ್ಷಣ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸಬೇಕು. ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ಲೋಪದಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲವೆಂಬ ತತ್ವವನ್ನು 2017ರ ಸುತ್ತೋಲೆ ಮುಂದಿಟ್ಟಿತ್ತು. ಗುಪ್ತಸಂಖ್ಯೆಯನ್ನು ತಾವೇ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ತಮ್ಮದೇ ಎಂದೂ ಅದು ಹೇಳಿತ್ತು. ಆದುದರಿಂದ ನಾಚಿಕೆಯಿಂದ ಕಳೆದ ಪ್ರತಿ ಗಂಟೆಯೂ ದುಬಾರಿ.

ಕಡೆಯ ಮಾತು

ಐರೋಲಿ, ಮಹಾಪೆಗಳ ಕಚೇರಿಗಳಲ್ಲಿ ಕುಳಿತು ಇಂತಹ ಸಂದೇಶಗಳನ್ನು ಬರೆಯುವ ನಮ್ಮ ಮಕ್ಕಳಲ್ಲಿ ಒಂದು ವಿನಂತಿ. ನೀವು ಕರೆಯುವ ಸಬ್‌ರುಟೀನ್ ಕ್ಷಣಾರ್ಧದಲ್ಲಿ ಕೆಲಸ ಮುಗಿಸಿ ಹಿಂದಿರುಗುತ್ತದೆ. ಆದರೆ ನೀವು ಅದರ ಕೈಗೆ ಕೊಟ್ಟ ಸಾಲನ್ನು ಎಲ್ಲೋ ಒಬ್ಬರು ಕನ್ನಡಕ ಹುಡುಕಿ ಹಾಕಿಕೊಂಡು, ಎರಡೆರಡು ಸಲ ಓದುತ್ತಾರೆ. ಯಾರು ಹೇಳುತ್ತಿರುವುದು, ಏನಾಯಿತು, ಓದಿದವರು ಮಾಡಬೇಕಾದದ್ದೇನು, ಈ ಮೂರೂ ಅದರಲ್ಲಿರಲಿ. ಸಾಧ್ಯವಾದಲ್ಲಿ ಭಾಷೆಯ ಆಯ್ಕೆಗೆ ಒಂದು ಖಾಲಿ ಜಾಗ ಬಿಡಿ. ಆ ಪಟ್ಟಿಯಲ್ಲಿ ಕನ್ನಡವೂ ಇರಲೆಂದು ಸಭೆಯಲ್ಲಿ ಒಂದು ಮಾತು ಹೇಳಿ.

ಈ ಭಾನುವಾರ ಊಟವಾದ ಮೇಲೆ ತಂದೆತಾಯಿಯರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಅವರ ಮೊಬೈಲಿಗೆ ಬಂದಿರುವ ಬ್ಯಾಂಕಿನ ಸಂದೇಶಗಳನ್ನು ಒಂದೊಂದಾಗಿ ತೆರೆದು ಕನ್ನಡದಲ್ಲಿ ಓದಿ ಹೇಳಿ. ನಿಮ್ಮ ಉದ್ಯೋಗವೇನೆಂಬುದು ಅವರಿಗೆ ಆಗ ತಾನಾಗಿ ತಿಳಿಯುತ್ತದೆ.